ಚೀಟಿ ನಂಬರ್ ಇನ್ನೂರ ಹದಿನಾಲ್ಕು

ಜನವರಿ 9, ಮಂಗಳವಾರ

ಪ್ರೊಫೆಸರ್ ಫೌಸ್ಟಿನೊ ನನ್ನ ಮೂರನೆಯ ಅಧ್ಯಾಯವನ್ನು ವಾಪಸು ಕಳಿಸಿದ್ದಾರೆ. ಅರವತ್ತೆರಡು ಪುಟ. ಅಷ್ಟಕ್ಕೂ ಸೇರಿ ಒಂದೇ ಷರಾ, ಅದೂ ಕೊನೆಯಲ್ಲಿ: 'ಒಟೀಲಿಯಾ, ಎಲ್ಲ ಸರಿಯಾಗಿದೆ. ಆದರೆ ಇದನ್ನು ಬರೆದವರು ಯಾರು?'

ಯಾರು ಅಂದರೇನು? ಮುಖಪುಟದಲ್ಲಿ ಹೆಸರಿಲ್ಲವೇ? ಆರು ವರ್ಷ ಭಾನುವಾರವೆನ್ನದೆ, ಬೇಸಿಗೆ ರಜೆಯೆನ್ನದೆ ಕೂತು ತೇದದ್ದು ನಾನಲ್ಲದೆ ಪಕ್ಕದ ಮನೆಯವರೇ? ಸಿಟ್ಟಿಗೆ ಮಧ್ಯಾಹ್ನದ ಸೂಪನ್ನು ಅರ್ಧಕ್ಕೇ ಬಿಟ್ಟೆ. ಎದ್ದು ಹೋಗಿ ಈ ನೋಟ್‌ಬುಕ್ ಕೊಂಡು ತಂದೆ. ಇದನ್ನು ಯಾವ ಪ್ರೊಫೆಸರೂ ಓದುವಂತಿಲ್ಲ, ಷರಾ ಬರೆಯುವಂತಿಲ್ಲ.

ನನ್ನ ಮಹಾಪ್ರಬಂಧದ ವಿಷಯ 'ವಯಸ್ಕ ಕಲಿಕಾರ್ಥಿಗಳ ಜೀವನ ಕಡತಗಳಲ್ಲಿ ಸ್ವಂತ ದನಿಯ ರೂಪುಗೊಳ್ಳುವಿಕೆ'. ಸಾಮಗ್ರಿ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ನಮ್ಮೂರ ಲೈಬ್ರರಿಯ ಮಹಡಿಯ ಮೇಲಿರುವ ವಯಸ್ಕರ ಕಲಿಕಾ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಬರವಣಿಗೆಯ ಮಾರ್ಗದರ್ಶಕಿಯಾಗಿ ಇರುವವಳು ನಾನೇ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು ಬರುತ್ತಾರೆ, ಬದುಕು ತಮಗೆ ಏನು ಕಲಿಸಿತು ಎಂದು ಬರೆದು ಕಡತ ಮಾಡುತ್ತಾರೆ. ಮೂವರ ಮಂಡಳಿ ಓದಿ ಒಪ್ಪಿದರೆ ಒಂಬತ್ತನೇ ತರಗತಿಯ ಸರ್ಟಿಫಿಕೇಟು ಕೈಗೆ. ಅಂಥ ನಲವತ್ತು ಕಡತಗಳನ್ನು ಆರಿಸಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ.

ಗಡುವು ಜೂನ್ ಮೂವತ್ತು. ಇದು ಮೂರನೆಯ ಸಲ ವಿಸ್ತರಿಸಿದ್ದು. ವಿಶ್ವವಿದ್ಯಾಲಯದ ಪತ್ರದಲ್ಲಿ 'ಅಂತಿಮ' ಎಂಬ ಪದದ ಕೆಳಗೆ ಗೆರೆ ಎಳೆದಿದ್ದಾರೆ. ಊರಲ್ಲಿ ಎಲ್ಲರೂ ನನ್ನನ್ನು ದೊತೋರಾ ಎನ್ನುತ್ತಾರೆ. ಪದವಿ ಮುಗಿಸಿದವರನ್ನೆಲ್ಲ ಹಾಗೆ ಕರೆಯುವುದು ನಮ್ಮಲ್ಲಿ ರೂಢಿ. ಆದರೂ ಕೇಳಿದಾಗಲೆಲ್ಲ ಯಾರೋ ಬಾಕಿ ನೆನಪಿಸಿದ ಹಾಗಾಗುತ್ತದೆ.

ಜನವರಿ 16, ಮಂಗಳವಾರ

ಹೊಸಬಳೊಬ್ಬಳು ಬಂದಿದ್ದಾಳೆ. ದೆಯೊಲಿಂದಾ, ಐವತ್ತೆಂಟು ವರ್ಷ. ಹದಿಮೂರನೇ ವಯಸ್ಸಿಗೆ ಮೀನು ಡಬ್ಬಿ ಕಾರ್ಖಾನೆ ಸೇರಿದವಳು. ಮೂವತ್ತೊಂದು ವರ್ಷ ದುಡಿದ ಮೇಲೆ ಅದು ಬಾಗಿಲು ಹಾಕಿತು. ಈಗ ಶಾಲೆಯ ಅಡುಗೆಮನೆಯಲ್ಲಿದ್ದಾಳೆ. ಮೈಯಿಂದ ಈರುಳ್ಳಿ ವಾಸನೆ. ಕೂರುವ ಮೊದಲು ಕುರ್ಚಿಯನ್ನು ತನ್ನ ಕರವಸ್ತ್ರದಿಂದ ಒರೆಸಿದಳು, ನನ್ನ ಕುರ್ಚಿ ಗಲೀಜಾಗಿದೆಯೋ ಎಂಬಂತೆ.

"ಸರ್ಟಿಫಿಕೇಟು ಯಾಕೆ ಬೇಕು, ಡೋನಾ ದೆಯೊಲಿಂದಾ?" ಎಂದು ಕೇಳಿದೆ. ಎಲ್ಲರನ್ನೂ ಕೇಳುತ್ತೇನೆ. 'ಕಲಿಯುವ ಹಂಬಲ' ಎಂದು ಮೊದಲ ಪುಟದಲ್ಲಿ ತುಂಬಬೇಕಾದ ಕಾಲಮ್ಮು ಒಂದಿದೆ.

"ನಮ್ಮ ಅಡುಗೆಮನೆ ನೋಡ್ಕೊಳ್ಳೋ ದೊಡ್ಡಮ್ಮ ಈ ಬೇಸಿಗೇಲಿ ರಿಟೈರ್ ಆಗ್ತಾರೆ, ದೊತೋರಾ. ಎಂಟು ವರ್ಷದಿಂದ ಅವರ ಕೆಲಸ ಮಾಡ್ತಿರೋಳು ನಾನೇ. ಅವರು ಕೂತು ಕಾಲಿಗೆ ಮುಲಾಮು ಹಚ್ಕೋತಾರೆ. ಈಗ ಆ ಜಾಗಕ್ಕೆ ಒಂಬತ್ತನೇ ಕ್ಲಾಸ್ ಪಾಸಾಗಿರ್ಬೇಕಂತೆ. ಇಲ್ಲಾಂದ್ರೆ ಇಪ್ಪತ್ತಾರು ವರ್ಷದ ಹುಡುಗಿ ಬಂದು ನನ್ನ ಮೇಲೆ ಕೂರ್ತಾಳೆ. ಕೂರ್ಲಿ, ಬೇಡ ಅನ್ನಲ್ಲ. ಆದ್ರೆ ಕಡಲೆಕಾಳು ಯಾವಾಗ ನೆನೆಹಾಕ್ಬೇಕು ಅಂತ ಅವಳಿಗೆ ನಾನು ಹೇಳ್ಕೊಟ್ಟು, ಆಮೇಲೆ ಅವಳ ಹತ್ರ ನಾನು ಬೈಸ್ಕೋಬೇಕಲ್ಲ, ಅದು ಆಗಲ್ಲ ನನ್ ಕೈಲಿ."

ಅರ್ಜಿಯ ಕೊನೆಯ ದಿನ ಜೂನ್ ಹದಿನಾಲ್ಕು. ನನಗೂ ಅವಳಿಗೂ ಹದಿನಾರೇ ದಿನದ ಅಂತರ. ಕಾಲಮ್ಮಿನಲ್ಲಿ 'ಕಲಿಯುವ ಹಂಬಲ' ಎಂದೇ ಬರೆದೆ.

ಫೆಬ್ರವರಿ 6, ಮಂಗಳವಾರ

ದೆಯೊಲಿಂದಾ ಒಂದು ನೋಟ್‌ಬುಕ್ ತುಂಬ ಬರೆದು ತಂದಿದ್ದಾಳೆ. ಪೆನ್ಸಿಲಿನಲ್ಲಿ, ಒತ್ತಿ ಒತ್ತಿ. ಹಾಳೆಯ ಹಿಂಬದಿಗೆ ಬೆರಳು ತಾಗಿಸಿದರೆ ಅಕ್ಷರ ಸಿಗುತ್ತದೆ. ಬಹುಪಾಲು ಊರಿನ ಕಾರ್ಖಾನೆಗಳ ಸೈರನ್ನಿನ ವಿಷಯ:

'ಏಳು ಫ್ಯಾಕ್ಟರಿ ಏಳು ಕೂಗು. ನಮ್ಮದು ಎರಡು ಗಿಡ್ಡ ಒಂದು ಉದ್ದ. ದೋಣಿ ಬಂದಾಗ ಕೂಗುತ್ತೆ, ಟೈಮು ಗೀಮು ಇಲ್ಲ. ಅಮ್ಮ ಊಟದ ಮಧ್ಯೆ ಎದ್ದು ಓಡೋಳು, ನಾನು ಅವಳ ಸೂಪಿನ ತಟ್ಟೆ ಮೇಲೆ ಇನ್ನೊಂದು ತಟ್ಟೆ ಮುಚ್ಚೋಳು. ನನ್ನ ಮೊದಲನೇ ಕೆಲಸ ಅದು. ತಟ್ಟೆ ಮುಚ್ಚೋದು.'

ಸಾಮಗ್ರಿ ಇದೆ, ಶೈಲಿ ಇಲ್ಲ. ವಾಕ್ಯಗಳು ಬಟ್ಟೆಗಳನ್ನು ಹಗ್ಗದ ಮೇಲೆ ಸಿಕ್ಕಂತೆ ಎಸೆದ ಹಾಗಿವೆ. ಇಂಥದ್ದನ್ನು ಮಂಡಳಿಯ ಮುಂದೆ ಇಟ್ಟರೆ ಇಂಜಿನಿಯರ್ ವಾಲ್ಡೆಮಾರ್ ಹುಬ್ಬು ಏರಿಸುತ್ತಾರೆ. ಅವರು ಮಂಡಳಿಗೆ ಹಿರಿಯರು, ಬಂದರಿನ ಕ್ರೇನುಗಳನ್ನು ಪರೀಕ್ಷಿಸುತ್ತಿದ್ದವರು. ಮನುಷ್ಯರನ್ನೂ ಹಾಗೇ ನೋಡುತ್ತಾರೆ, ಎಷ್ಟು ಭಾರ ಹೊರಬಲ್ಲರು ಎಂದು.

ಕಡತಕ್ಕೆ ಇಸ್ತ್ರಿ ಹಾಕಬೇಕು. ನಾನು ಅದನ್ನು ಹಾಗೇ ಕರೆಯುವುದು. ಕಡತವನ್ನು ಮನೆಗೆ ಒಯ್ದು, ಸುಕ್ಕು ತೆಗೆದು, ಮಡಿಕೆ ಕೂರಿಸಿ ತಂದುಕೊಡುತ್ತೇನೆ. ಇದು ಯಾವ ನಿಯಮದಲ್ಲೂ ಇಲ್ಲ, ಯಾರೂ ಬೇಡ ಎಂದದ್ದೂ ಇಲ್ಲ. ಅಮ್ಮ ನೋಟರಿಯ ಮನೆಯ ಅಂಗಿಗಳಿಗೆ ಇಸ್ತ್ರಿ ಹಾಕಿ ನನ್ನನ್ನು ಓದಿಸಿದಳು. ಕೈಗುಣ ಬಂದಿರಬೇಕು.

ಫೆಬ್ರವರಿ 13, ಕಾರ್ನಿವಲ್

ಬೀದಿಯಲ್ಲಿ ತಮಟೆ. ಬಾಗಿಲು ಹಾಕಿಕೊಂಡು ಏಳು ಪುಟ ಬರೆದೆ. ಆರು ಹರಿದೆ.

ಫೆಬ್ರವರಿ 27, ಮಂಗಳವಾರ

ಇಸ್ತ್ರಿ ಮುಗಿಯಿತು. ಹೆಮ್ಮೆಪಡುವಂಥ ಕೆಲಸ. 'ಕಾರ್ಖಾನೆಯ ಕರೆಯೇ ನನ್ನ ಬಾಲ್ಯದ ಲಯವಾಗಿತ್ತು' ಎಂದು ಆರಂಭ. 'ಕಲಿಕೆ ನನ್ನ ಮುಂದೆ ಹೊಸ ದಿಗಂತಗಳನ್ನು ತೆರೆದಿಟ್ಟಿತು' ಎಂದು ಮುಕ್ತಾಯ. ತಟ್ಟೆ ಮುಚ್ಚುವುದನ್ನು ತೆಗೆದೆ. ಅದು ಯಾವ ಕೌಶಲದ ಪಟ್ಟಿಗೂ ಸೇರುವುದಿಲ್ಲ.

ಇನ್ನೊಂದು ಪೂರ್ತಿ ಪುಟ ಹೊಡೆದುಹಾಕಿದೆ. ಕಾರ್ಖಾನೆಯಲ್ಲಿ ಪ್ರತಿ ಹೆಂಗಸೂ ತಾನು ತುಂಬಿದ ಡಬ್ಬಿಗಳ ತಟ್ಟೆಯಲ್ಲಿ ತನ್ನ ನಂಬರಿನ ಚೀಟಿ ಇಡಬೇಕಿತ್ತಂತೆ. ತಪಾಸಣೆಯವನು ಒಂದು ಡಬ್ಬಿ ತೆಗೆದು ನೋಡುತ್ತಾನೆ, ಕೆಟ್ಟದಾಗಿ ತುಂಬಿದ್ದು ಮೂರು ಸಲ ಸಿಕ್ಕರೆ ಆ ನಂಬರಿನವಳು ಒಂದು ವಾರ ಉಪ್ಪುನೀರಿನ ತೊಟ್ಟಿಯ ಬಳಿ ನಿಲ್ಲಬೇಕು. ಜಾಸಿಂತಾ ಎಂಬ ಹುಡುಗಿ ಏಳು ತಿಂಗಳ ಬಸುರಿಯಾಗಿ ಬೆರಳು ಊದಿಕೊಂಡಾಗ ಉಳಿದವರು ಸರದಿಯ ಮೇಲೆ ಅವಳ ತಟ್ಟೆಯಲ್ಲಿ ತಮ್ಮ ಚೀಟಿ ಇಟ್ಟರಂತೆ. ಕೇಳಿದರೆ 'ಆ ಡಬ್ಬಿ ನಂದು' ಎಂದರೆ ಮುಗಿಯಿತು. ಕಥೆಯೇನೋ ಸರಿ. ಆದರೆ ಮೋಸವನ್ನು ಕಲಿಕೆ ಎಂದು ಮಂಡಳಿಯ ಮುಂದೆ ಇಡಲಾಗುತ್ತದೆಯೇ? ಕೆಂಪು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದೆ.

ಅವಳಿಗೆ ಓದಿ ಹೇಳಿದೆ. ಕೈಕಟ್ಟಿ ಕೇಳಿದಳು.

"ಚೆನ್ನಾಗಿದೆಯಾ?" ಎಂದೆ.

"ಚೆನ್ನಾಗೇ ಇದೆ ದೊತೋರಾ. ಮದುವೆ ಮನೇಗೆ ಬೇರೆಯೋರ ಕೋಟು ಹಾಕ್ಕೊಂಡು ಹೋದಂಗಿದೆ. ತೋಳು ಸ್ವಲ್ಪ ಉದ್ದ." ಆಮೇಲೆ ನನ್ನ ಮುಖ ನೋಡಿ, "ಇರ್ಲಿ ಬಿಡಿ, ಮಡಚ್ಕೋತೀನಿ" ಎಂದು ನಕ್ಕಳು.

ಮೆಚ್ಚಿಕೊಂಡಳು ಎಂದು ಇಟ್ಟುಕೊಳ್ಳುತ್ತೇನೆ.

ಮಾರ್ಚ್ 19, ಮಂಗಳವಾರ

ಸಿಕ್ಕಿತು! ನಾಲ್ಕನೆಯ ಅಧ್ಯಾಯದ ಬೆನ್ನೆಲುಬೇ ಸಿಕ್ಕಿತು. ನಲವತ್ತು ಕಡತಗಳನ್ನು ಮತ್ತೆ ಓದಿ ಪಟ್ಟಿ ಮಾಡಿದೆ. ಇಪ್ಪತ್ತೇಳರಲ್ಲಿ 'ದಿಗಂತ' ಬರುತ್ತದೆ, ಹತ್ತೊಂಬತ್ತರಲ್ಲಿ 'ಲಯ' ಬರುತ್ತದೆ. ಮೀನುಗಾರ, ಟೈಲರ್, ಬಸ್ ಡ್ರೈವರ್, ಆಸ್ಪತ್ರೆಯ ಆಯಾ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರು ಬದಲಾವಣೆಯ ಕ್ಷಣಕ್ಕೆ ಒಂದೇ ರೂಪಕವನ್ನು ತಲುಪಿದ್ದಾರೆ. ಸ್ವಂತ ದನಿ ಹುಟ್ಟುವಾಗ ಅದು ಎಲ್ಲರಲ್ಲೂ ಒಂದೇ ಹಾದಿ ಹಿಡಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಇಪ್ಪತ್ತೆಂಟು ಪುಟ ಒಂದೇ ವಾರದಲ್ಲಿ. ಪ್ರೊಫೆಸರಿಗೆ ಕಳಿಸಿದೆ. ಈಗ ಕೇಳಲಿ, ಬರೆದವರು ಯಾರು ಎಂದು.

ಏಪ್ರಿಲ್ 12, ಶುಕ್ರವಾರ

ಈ ವರ್ಷದಿಂದ ಎಲ್ಲ ಕಡತಗಳನ್ನೂ ಕಂಪ್ಯೂಟರಿಗೆ ಹಾಕಿ ತಾಳೆ ನೋಡಬೇಕೆಂದು ಆದೇಶ ಬಂದಿದೆ. ಜನ ಈಗ ಫೋನಿಗೆ ಹೇಳಿ ಬರೆಸಿಕೊಳ್ಳುತ್ತಾರಲ್ಲ, ಅದಕ್ಕೆ. ನಮ್ಮ ಸಂಯೋಜಕಿ ಲೆಯೊಕಾದಿಯಾ ಬೆಳಿಗ್ಗೆ ನನ್ನನ್ನು ಕರೆದು ಪರದೆ ತೋರಿಸಿದಳು. ದೆಯೊಲಿಂದಾಳ ಕಡತದ ತುಂಬ, ತಾಳೆಯಾದ ಸಾಲುಗಳಿಗೆಲ್ಲ ಹಳದಿ ಗುರುತು. ನೂರಕ್ಕೆ ಮೂವತ್ತೆಂಟು ಪಾಲು ನಮ್ಮದೇ ಹಳೆಯ ಹನ್ನೊಂದು ಕಡತಗಳ ಜೊತೆ ಹೊಂದುತ್ತದೆ.

"ಕೆಳಗಡೆ ಕಪಾಟಲ್ಲಿ ಮಾದರಿಗೆ ಅಂತ ಇಟ್ಟಿದ್ದೀವಲ್ಲ, ಅದರಿಂದ ಎತ್ತಿದ್ದಾಳೆ ಕಣೇ," ಎಂದಳು. "ಪಾಪ, ಒಳ್ಳೆ ಹೆಂಗಸು ಅನ್ಕೊಂಡಿದ್ದೆ. ನಿನಗೆ ಏನೂ ಅನುಮಾನ ಬರ್ಲಿಲ್ವಾ?"

ಆ ತಂತ್ರಾಂಶವನ್ನು ನಾನು ನಂಬುವುದಿಲ್ಲ. ಕಳೆದ ತಿಂಗಳು ಕೋಸಿನ ಸೂಪಿನ ಪಾಕವಿಧಾನವನ್ನೂ ಕದ್ದದ್ದು ಎಂದಿತ್ತು. ಸಾಮಾನ್ಯ ನುಡಿಗಟ್ಟುಗಳನ್ನೆಲ್ಲ ಹಿಡಿಯುವ ಅದರ ವಿಧಾನದ ಮೇಲೆ ಯಾರಾದರೂ ಒಂದು ವಿಮರ್ಶೆ ಬರೆಯಬೇಕು. ಮಳೆ ಬೇರೆ. ಮಹಡಿಯ ಕಿಟಕಿ ಸೋರುತ್ತಿದೆ, ಎರಡು ವರ್ಷದಿಂದ ಹೇಳುತ್ತಿದ್ದೇನೆ.

ಮಂಗಳವಾರ ವಿಚಾರಣೆ. ನನಗೆ ಏನೂ ಅನುಮಾನ ಬರಲಿಲ್ಲ ಎಂದೆ.

ಏಪ್ರಿಲ್ 16, ಮಂಗಳವಾರ

ಆದದ್ದನ್ನು ಆದಂತೆ ಬರೆಯುತ್ತೇನೆ. ಮೇಜಿನ ಆಚೆ ಇಂಜಿನಿಯರ್ ವಾಲ್ಡೆಮಾರ್, ಲೆಯೊಕಾದಿಯಾ, ಶಾಲೆಯಿಂದ ಬಂದ ಒಬ್ಬ ಮೇಷ್ಟ್ರು. ಈಚೆ ದೆಯೊಲಿಂದಾ, ಹಬ್ಬಕ್ಕೆ ಹಾಕುವ ನೀಲಿ ಕೋಟು ತೊಟ್ಟು. ಪಕ್ಕದಲ್ಲಿ ನಾನು.

ಇಂಜಿನಿಯರರು ಹಳದಿ ಸಾಲುಗಳನ್ನು ಒಂದೊಂದಾಗಿ ಓದಿದರು. 'ಬಾಲ್ಯದ ಲಯ.' 'ಹೊಸ ದಿಗಂತ.' ಅವರ ಬಾಯಲ್ಲಿ ಅವು ಔಷಧಿ ಸೀಸೆಯ ಮೇಲಿನ ಚೀಟಿಯ ಹಾಗೆ ಕೇಳಿದವು. "ಈ ಸಾಲುಗಳು ಎಲ್ಲಿಂದ ಬಂದ್ವು ಅಮ್ಮಾ?" ಎಂದು ಕೇಳಿದರು.

ಅವಳು ನನ್ನ ಕಡೆ ತಿರುಗಿದಳು. ಬಹಳ ಹೊತ್ತೇನಲ್ಲ, ಗ್ಯಾಸ್ ಆರಿಸಿದೆನಾ ಎಂದು ಒಮ್ಮೆ ತಿರುಗಿ ನೋಡುವಷ್ಟು. ಆಮೇಲೆ ಮುಂದೆ ನೋಡಿ ಹೇಳಿದಳು: "ಆ ಡಬ್ಬಿ ನಂದು."

"ಏನು?"

"ಆ ಡಬ್ಬಿ ನಂದು, ಸಾರ್. ಇನ್ನೇನೂ ಕೇಳ್ಬೇಡಿ."

ಇಂಜಿನಿಯರರು ಲೆಯೊಕಾದಿಯಾಳ ಮುಖ ನೋಡಿದರು. ಮೇಷ್ಟ್ರು ಏನೋ ಗೀಚಿಕೊಂಡರು. ಕಡತ ತಿರಸ್ಕೃತ, ಮತ್ತೆ ನೋಂದಾಯಿಸಲು ಒಂದು ವರ್ಷ ಕಾಯಬೇಕು ಎಂದು ತೀರ್ಮಾನ. ದೆಯೊಲಿಂದಾ ಕೋಟಿನ ಗುಂಡಿ ಹಾಕಿಕೊಂಡು ಎಲ್ಲರಿಗೂ ನಮಸ್ಕಾರ ಹೇಳಿ ಹೋದಳು. ಮಕ್ಕಳ ಊಟದ ಹೊತ್ತಿಗೆ ತಲುಪಬೇಕಿತ್ತು.

ಡಬ್ಬಿ ಎಂದರೇನು ಎಂದು ಲೆಯೊಕಾದಿಯಾ ನನ್ನನ್ನು ಕೇಳಿದಳು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಆ ಕ್ಷಣ ನೆನಪಾಗಲಿಲ್ಲ.

ಏಪ್ರಿಲ್ 17

ತಲೆನೋವು. ರಜೆ ಹಾಕಿದೆ.

ಏಪ್ರಿಲ್ 25, ಗುರುವಾರ

ಸ್ವಾತಂತ್ರ್ಯದ ದಿನ, ಸರ್ವಾಧಿಕಾರ ಬಿದ್ದು ಐವತ್ತು ವರ್ಷ. ಚೌಕದಲ್ಲಿ ಬ್ಯಾಂಡು, ಭಾಷಣ, ಎಲ್ಲರ ಎದೆಯ ಮೇಲೂ ಆ ದಿನದ ಗುರುತಾದ ಕೆಂಪು ಕಾರ್ನೇಶನ್ ಹೂ. ಹೋಗಬಾರದೆಂದಿದ್ದೆ. ಪ್ರೊಫೆಸರರಿಂದ ಬೆಳಿಗ್ಗೆ ಉತ್ತರ ಬಂದಿತ್ತು: ನಾಲ್ಕನೆಯ ಅಧ್ಯಾಯ ಗಟ್ಟಿಯಾಗಿದೆ, ಇದೇ ಪ್ರಬಂಧದ ತಿರುಳು, ಇದನ್ನೇ ಮುಂದಿಟ್ಟುಕೊಂಡು ಜೂನಿನಲ್ಲಿ ಒಪ್ಪಿಸಿ. ಆರು ವರ್ಷದಲ್ಲಿ ಮೊದಲ ಹೊಗಳಿಕೆ. ಅದನ್ನು ಓದಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ.

ಚೌಕದ ಮೂಲೆಯಲ್ಲಿ ಯಾರೋ ತೋಳು ಹಿಡಿದರು. ದೆಯೊಲಿಂದಾ.

"ಹೂವಿಲ್ದೆ ಬಂದಿದ್ದೀರಲ್ಲ ದೊತೋರಾ! ನೋಡಿದೋರು ಏನಂದಾರು?" ಎಂದು ತನ್ನ ಕೈಯ ಗೊಂಚಲಿಂದ ಒಂದು ಕಿತ್ತು ನನ್ನ ಕೋಟಿಗೆ ಸಿಕ್ಕಿಸಿದಳು. ಪಿನ್ನು ಚುಚ್ಚದಂತೆ ಒಳಗೆ ಬೆರಳು ಅಡ್ಡ ಇಟ್ಟುಕೊಂಡು.

"ಡೋನಾ ದೆಯೊಲಿಂದಾ, ಆವತ್ತು..." ಎಂದು ಶುರು ಮಾಡಿದೆ.

"ಆವತ್ತಿಂದು ಆವತ್ತಿಗೆ ಆಯ್ತು. ನಿಮ್ಮ ದೊಡ್ಡ ಪುಸ್ತಕ ಎಲ್ಲಿಗೆ ಬಂತು? ಲೆಯೊಕಾದಿಯಾ ಮೇಡಂ ಅಂದ್ರು, ಜೂನಲ್ಲಿ ಮುಗಿಯುತ್ತಂತೆ. ಮುಗ್ಸಿ ಮುಗ್ಸಿ. ಇಬ್ಬರಲ್ಲಿ ಒಬ್ಬರದ್ದಾದ್ರೂ ಆಗ್ಲಿ."

ಬ್ಯಾಂಡು ಜೋರಾಯಿತು. ಅವಳು ಮೊಮ್ಮಗಳನ್ನು ಹೆಗಲಿಗೇರಿಸಿಕೊಂಡು ಜನರ ನಡುವೆ ಹೋದಳು. ಹೂವು ಈಗ ಲೋಟದಲ್ಲಿದೆ.

ಏಪ್ರಿಲ್ 27, ಶನಿವಾರ

ಅವಳ ನೋಟ್‌ಬುಕ್ ನನ್ನ ಬಳಿಯೇ ಇದೆ. ಸಂಶೋಧನೆಯ ಸಾಮಗ್ರಿ ಎಂದು ಇಟ್ಟುಕೊಂಡಿದ್ದೆ. ಇಂದು ಮೊದಲಿಂದ ಓದಿದೆ, ಪೆನ್ಸಿಲ್ ಹಿಡಿಯದೆ. ಕೆಂಪು ಅಡ್ಡಗೆರೆಯ ಪುಟ ಬಂತು. ಜಾಸಿಂತಾ. ಚೀಟಿ. ಆ ಡಬ್ಬಿ ನಂದು.

ಎದ್ದು ಹೋಗಿ ಮುಖ ತೊಳೆದುಕೊಂಡೆ.

ಆಮೇಲೆ ಪೆಟ್ಟಿಗೆ ತೆಗೆದು ನಲವತ್ತು ಜನರ ಮೊದಲ ಕೈಬರಹಗಳನ್ನು ನೆಲದ ಮೇಲೆ ಹರವಿದೆ. ಎಲ್ಲವನ್ನೂ ಜೋಪಾನವಾಗಿ ಇಟ್ಟಿದ್ದೇನೆ, ಒಂಬತ್ತು ವರ್ಷದಲ್ಲಿ ಮತ್ತೆ ತಿರುವಿ ನೋಡಿದ್ದು ಮಾತ್ರ ಇವತ್ತೇ. ಇಡೀ ದಿನ ಹಿಡಿಯಿತು. 'ದಿಗಂತ' ಎಂಬ ಪದ ಒಬ್ಬರ ಕೈಬರಹದಲ್ಲೂ ಇಲ್ಲ. ಒಬ್ಬರದ್ದರಲ್ಲೂ. ಟೈಲರ್ ಬರೆದದ್ದು 'ಈಗ ಮೊಮ್ಮಗನ ಶಾಲೆ ಕಾಗದಕ್ಕೆ ನಾನೇ ಸೈನ್ ಹಾಕ್ತೀನಿ'. ಬಸ್ ಡ್ರೈವರ್ ಬರೆದದ್ದು 'ಬೋರ್ಡು ಓದೋಕೆ ಮೊದಲು ಜನ ಇಳಿಯೋ ಜಾಗ ನೆನಪಿಟ್ಕೊಂಡಿದ್ದೆ, ಈಗ ಊರಿನ ಹೆಸರು ಕಾಣುತ್ತೆ'. ಅವನ್ನೆಲ್ಲ ನಾನು ದಿಗಂತ ಮಾಡಿದ್ದೇನೆ.

ಕದ್ದವಳು ಅವಳಲ್ಲ. ಇಪ್ಪತ್ತೇಳು ಜನರ ಬಾಯಲ್ಲಿ ನನ್ನ ಮಾತು ತುರುಕಿ, ಆಹಾ ಎಲ್ಲರೂ ಒಂದೇ ಮಾತಾಡುತ್ತಾರೆ ಎಂದು ಅಧ್ಯಾಯ ಬರೆದವಳು ನಾನು. ನಾಚಿಕೆಯಾಗುತ್ತಿದೆ. ಇದಕ್ಕೆ ಬೇರೆ ಪದ ಹುಡುಕುವುದಿಲ್ಲ.

ಏಪ್ರಿಲ್ 29, ಸೋಮವಾರ

ಲೆಯೊಕಾದಿಯಾಳ ಮೇಜಿನ ಮೇಲೆ ನೋಟ್‌ಬುಕ್ ಇಟ್ಟು ಎಲ್ಲ ಹೇಳಿದೆ. ಅವಳು ಬಾಗಿಲು ಹಾಕಿ ಬಂದು ಕೂತಳು.

"ನಿನಗೆ ತಲೆ ಕೆಟ್ಟಿದೆಯೇನೇ? ಎಲ್ಲಾ ಕೇಂದ್ರದಲ್ಲೂ ತಿದ್ದುತಾರೆ. ನಾನೂ ತಿದ್ದಿದ್ದೀನಿ."

"ತಿದ್ದೋದು ಬೇರೆ, ಲೆಯೊಕಾದಿಯಾ. ನಾನು ಅವರನ್ನ ಎಬ್ಬಿಸಿ ಅವರ ಜಾಗದಲ್ಲಿ ಕೂತೆ."

"ಆಯ್ತು. ಇದನ್ನ ಬರೆದು ಕೊಟ್ಟೆ ಅಂತಿಟ್ಕೋ. ಆ ಕಾಗದ ಕಡತದಲ್ಲಿ ಸೇರುತ್ತೆ. ನಾಳೆ ನಿನ್ನ ಪ್ರಬಂಧ ಓದೋರು ಅದನ್ನ ನೋಡಿದ್ರೆ? ನಿನ್ನ ನಾಲ್ಕನೇ ಅಧ್ಯಾಯ ಏನಾಗುತ್ತೆ?"

"ಹೋಗುತ್ತೆ."

"ಆರು ವರ್ಷ ಕಣೇ!"

"ಅವಳದ್ದು ಎಂಟು."

ಅವಳು ಬಹಳ ಹೊತ್ತು ನೋಟ್‌ಬುಕ್ ತಿರುವಿದಳು. ಒಂದು ಕಡೆ ನಕ್ಕಳು, ಒಂದು ಕಡೆ ಕನ್ನಡಕ ತೆಗೆದು ಒರೆಸಿದಳು. ಹಳೆಯ ಹನ್ನೊಂದು ಜನರ ಸರ್ಟಿಫಿಕೇಟಿಗೆ ಯಾರೂ ಕೈಹಾಕದಂತೆ ನೋಡಿಕೊಳ್ಳುತ್ತೇನೆ, ಅವರ ತಪ್ಪೇನಿದೆ ಎಂದಳು. ನನ್ನನ್ನು ಮಾತ್ರ ಮಹಡಿಯಿಂದ ಕೆಳಗಿಳಿಸಬೇಕಾಗುತ್ತದೆ, ವಿಚಾರಣೆ ಮುಗಿಯುವವರೆಗೆ ಪುಸ್ತಕ ಕೊಡುವ ಕೌಂಟರಿನಲ್ಲಿ ಕೂರಬೇಕು. ಸರಿ ಎಂದೆ. ಅರ್ಧ ಪುಟದ ಹೇಳಿಕೆ ಬರೆದು ಕೊಟ್ಟೆ. ಬರೆಯಲು ಹತ್ತು ನಿಮಿಷವೂ ಹಿಡಿಯಲಿಲ್ಲ, ತಿದ್ದಲೂ ಇಲ್ಲ.

ಮೇ 3, ಶುಕ್ರವಾರ

ಪ್ರೊಫೆಸರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಜೂನ್ ಹೋಯ್ತು, ಗೊತ್ತಲ್ಲ?" ಎಂದರು. "ನೋಂದಣಿ ರದ್ದಾಗುತ್ತೆ. ಮತ್ತೆ ಮೊದಲಿಂದ ಅರ್ಜಿ ಹಾಕ್ಬೇಕು. ತಗೋತಾರೋ ಇಲ್ವೋ ನಾನು ಹೇಳಲಾರೆ."

ಗೊತ್ತು ಎಂದೆ. ಫೋನಿಟ್ಟ ಮೇಲೆ ಅಳು ಬಂತು. ಅತ್ತೆ. ಆಮೇಲೆ ಹಸಿವಾಯಿತು, ಉಪ್ಪುಮೀನು ಆಲೂಗಡ್ಡೆ ಬೇಯಿಸಿಕೊಂಡು ಎರಡು ತಟ್ಟೆ ತಿಂದೆ.

ಮೇ 14, ಮಂಗಳವಾರ

ಕೌಂಟರಿನಲ್ಲಿ ಕೂತು ಮೂರನೆಯ ವಾರ. ಒಬ್ಬ ಮುದುಕ ದಿನಾ ಬಂದು ಹವಾಮಾನದ ಪುಸ್ತಕ ಕೇಳುತ್ತಾನೆ, ಒಳಗೆ ಕೂತು ನಿದ್ದೆ ಮಾಡುತ್ತಾನೆ. ಇವತ್ತು ಅವನು ಹೇಳಿದ್ದು: "ಮಳೆ ಬರೋದು ಪುಸ್ತಕದಲ್ಲಿಲ್ಲ, ನನ್ನ ಮಂಡೀಲಿದೆ." ಬರೆದಿಟ್ಟುಕೊಂಡೆ. ಯಾಕೆಂದು ಗೊತ್ತಿಲ್ಲ, ಚೆನ್ನಾಗಿತ್ತು.

ಮಂಡಳಿ ದೆಯೊಲಿಂದಾಳಿಗೆ ಮತ್ತೊಂದು ಅವಕಾಶ ಕೊಟ್ಟಿದೆ. ಕಡತದ ಬದಲು ಅವಳ ನೋಟ್‌ಬುಕ್ಕನ್ನೇ ಓದುತ್ತಾರೆ. ಅದಲ್ಲದೆ ಅವರ ಕಣ್ಣೆದುರು ಕೂತು ಒಂದು ಪುಟ ಬರೆಯಬೇಕು. ಹೇಳಲು ಶಾಲೆಯ ಹಿಂಬಾಗಿಲಿಗೆ ಹೋದೆ. ಅವಳು ಏಪ್ರನ್ನಿನಲ್ಲೇ ಹೊರಗೆ ಬಂದಳು. ಸೌಟು ಕೈಯಲ್ಲೇ ಇತ್ತು.

"ಯಾರು ಹೇಳಿದ್ರು ನಿಮಗೆ ಬಾಯ್ಬಿಡೋಕೆ?" ಎಂದು ಬೈದಳು. "ನಾನು ನಂದು ಅಂದ್ಮೇಲೆ ಮುಗೀತು. ಮಧ್ಯೆ ಬರಬಾರ್ದು. ಅಷ್ಟೂ ಗೊತ್ತಿಲ್ವಾ ಓದಿದೋರಿಗೆ?"

"ಗೊತ್ತಿರ್ಲಿಲ್ಲ," ಎಂದೆ. "ಆ ಪುಟಾನ ನಾನೇ ಹೊಡೆದುಹಾಕಿದ್ದೆ."

ಅವಳು ಒಳಗೆ ಕರೆದು ಕೂರಿಸಿ ಕಡಲೆಕಾಳಿನ ಸಾರು ಬಡಿಸಿದಳು. ನಾನು ಹೊರಡುವಾಗ ಕೇಳಿದಳು: "ಒಂದ್ ಪುಟ ಅಂದ್ರೆ ಎಷ್ಟು ಸಾಲು ದೊತೋರಾ? ಕೈ ನಡುಗಿದ್ರೆ?"

ನಡುಗಲಿ ಎಂದೆ.

ಮೇ 28, ಮಂಗಳವಾರ

ನಾನು ಕೊಠಡಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಅವಳ ಬೆನ್ನು ಕಾಣುತ್ತಿತ್ತು, ನೀಲಿ ಕೋಟು, ಬಗ್ಗಿದ ಕುತ್ತಿಗೆ. 'ನೀವು ಈ ವರ್ಷ ಕಲಿತದ್ದೇನು' ಎಂಬ ಪ್ರಶ್ನೆ. ನಲವತ್ತು ನಿಮಿಷ ಬರೆದಳು. ನಡುವೆ ಮೂರು ಸಲ ನಿಲ್ಲಿಸಿ ಬೆರಳು ಉಜ್ಜಿಕೊಂಡಳು. ಪ್ರತಿ ಸಲವೂ ಒಳಗೆ ಹೋಗಿ ಒಂದು ಪದ ಹೇಳಿಕೊಡೋಣವೆಂದು ನನ್ನ ಕಾಲು ಎಳೆಯುತ್ತಿತ್ತು. ಬೆಂಚಿನ ಅಂಚು ಹಿಡಿದುಕೊಂಡು ಕೂತೆ.

ಮುಗಿದ ಮೇಲೆ ಇಂಜಿನಿಯರ್ ವಾಲ್ಡೆಮಾರ್ ನನ್ನನ್ನು ಒಳಗೆ ಕರೆದರು. ಹಾಳೆಯನ್ನು ನನ್ನ ಕಡೆ ತಳ್ಳಿ, "ನೀವು ಓದಿ. ಇದ್ದದ್ದು ಇದ್ದ ಹಾಗೆ," ಎಂದರು.

ನಿಂತೇ ಓದಿದೆ. ಇಲ್ಲಿ ನಕಲು ಮಾಡಿಕೊಳ್ಳುತ್ತೇನೆ:

'ನನ್ನ ಹೆಸರು ದೆಯೊಲಿಂದಾ. ಫ್ಯಾಕ್ಟರೀಲಿ ನನ್ನ ಚೀಟಿ ಇನ್ನೂರ ಹದಿನಾಲ್ಕು. ನಾನು ಬರೆದದ್ದಕ್ಕೆ ದೊತೋರಾ ಇಸ್ತ್ರಿ ಹಾಕಿದ್ರು. ನಾನು ಬೇಡ ಅನ್ನಲಿಲ್ಲ ಯಾಕಂದ್ರೆ ಓದಿ ಹೇಳೋವಾಗ ಅವರ ಮುಖ ನೋಡಿದೆ ಅಷ್ಟು ಖುಷಿಯಾಗಿದ್ರು, ಮತ್ತೆ ಅವರಿಗೂ ಒಂದು ಕಾಗದ ಬರಬೇಕಿದೆ ಅಂತ ಕೇಳಿದ್ದೆ. ಆಮೇಲೆ ನೀವು ಮೂರು ಜನ ಕೇಳಿದಾಗ ಆ ಡಬ್ಬಿ ನಂದು ಅಂದೆ. ನಮ್ಮಲ್ಲಿ ಹಾಗಂದ್ರೆ ಮುಗೀತು, ಯಾರೂ ಮತ್ತೆ ಕೇಳಲ್ಲ. ಆದರೆ ದೊತೋರಾ ಬಂದು ತಟ್ಟೇಲಿದ್ದ ನನ್ನ ಚೀಟಿ ತೆಗೆದು ಅವರ ಚೀಟಿ ಇಟ್ರು. ಮೂವತ್ತೊಂದು ವರ್ಷದಲ್ಲಿ ಯಾರೂ ಹಂಗೆ ಮಾಡಿದ್ದು ನಾನು ನೋಡಿಲ್ಲ. ಜಾಸಿಂತಾನೂ ಮಾಡಲಿಲ್ಲ, ಅವಳ ಕೈಲಿ ಆಗ್ತಿರಲಿಲ್ಲ, ಅವಳ ಮೇಲೆ ನನಗೆ ಬೇಜಾರಿಲ್ಲ. ಏನು ಕಲಿತೆ ಅಂತ ಕೇಳಿದ್ದೀರಿ. ಚೀಟಿ ವಾಪಸು ತಗೊಳ್ಳೋಕೂ ಆಗುತ್ತೆ ಅಂತ ಕಲಿತೆ.'

ಕೊನೆಯ ಎರಡು ಸಾಲು ಓದುವಾಗ ನನ್ನ ದನಿ ಕೈಕೊಟ್ಟಿತು. ದೆಯೊಲಿಂದಾ ಮೇಜಿನ ಕೆಳಗಿಂದ ತನ್ನ ಕರವಸ್ತ್ರ ಚಾಚಿದಳು. ಈರುಳ್ಳಿ ವಾಸನೆಯಿತ್ತು.

ಇಂಜಿನಿಯರರು ಉಳಿದ ಇಬ್ಬರನ್ನೂ ನೋಡಿ ಹಾಳೆಯ ಮೂಲೆಯಲ್ಲಿ ಸಹಿ ಹಾಕಿದರು. "ಅಮ್ಮಾ, ಆ ತಪಾಸಣೆಯವನಿಗೆ ಚೀಟಿ ವಿಷಯ ಗೊತ್ತಿತ್ತಾ?" ಎಂದು ಕೇಳಿದರು.

"ಗೊತ್ತಿಲ್ದೆ ಏನ್ ಸಾರ್! ಅವನ ಹೆಂಡ್ತೀನೂ ಅದೇ ಬೆಂಚಲ್ಲಿದ್ಲು."

ಇಂಜಿನಿಯರರು ನಕ್ಕದ್ದನ್ನು ಒಂಬತ್ತು ವರ್ಷದಲ್ಲಿ ಇವತ್ತೇ ನೋಡಿದ್ದು.

ಜೂನ್ 14, ಶುಕ್ರವಾರ

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅವಳು ಮೆಟ್ಟಿಲ ಮೇಲಿದ್ದಳು. ಸರ್ಟಿಫಿಕೇಟನ್ನು ಎರಡು ರಟ್ಟಿನ ನಡುವೆ ಇಟ್ಟು ದಾರ ಕಟ್ಟಿದ್ದಳು. ನಕಲು ತೆಗೆದುಕೊಟ್ಟೆ. ಅರ್ಜಿ ಅವಳೇ ತುಂಬಿದಳು, ನಾನು ನೋಡಲಿಲ್ಲ. ಹನ್ನೊಂದಕ್ಕೆ ವಾಪಸು ಬಂದು, ಕೊಟ್ಟಾಯಿತು, ರಸೀದಿ ಇದೆ ಎಂದಳು. ಕೆಲಸ ಸಿಗುತ್ತದೋ ಇಲ್ಲವೋ ಜುಲೈನಲ್ಲಿ ತಿಳಿಯುತ್ತದೆ.

"ನಿಮ್ದು?" ಎಂದಳು.

"ನಂದು ಹೋಯ್ತು. ಮೊದಲಿಂದ ಬರೀಬೇಕು. ತಗೋತಾರೋ ಇಲ್ವೋ ಗೊತ್ತಿಲ್ಲ." ಹೇಳುವಾಗ ಅಂದುಕೊಂಡಷ್ಟು ನೋಯಲಿಲ್ಲ. "ಒಂದು ಕೇಳ್ಬೇಕಿತ್ತು. ಆವತ್ತು ನೀವು ಬರೆದ ಪುಟ ಇದೆಯಲ್ಲ, ಅದನ್ನ ನನ್ನ ಪುಸ್ತಕದ ಮೊದಲನೇ ಪುಟಕ್ಕೆ ಹಾಕ್ಕೊಳ್ಲಾ? ನಿಮ್ಮ ಹೆಸರಲ್ಲೇ."

ಅವಳು ಕೌಂಟರಿನ ಮೇಲೆ ಮೊಣಕೈ ಊರಿ ಯೋಚಿಸಿದಳು. "ನಂಬರೂ ಹಾಕ್ತೀರಾ?"

"ಹಾಕ್ತೀನಿ."

"ಹಾಗಾದ್ರೆ ಹಾಕ್ಕೊಳ್ಳಿ. ಒಂದಕ್ಷರ ಮುಟ್ಟಿದ್ರೆ ಮಾತ್ರ ನೋಡಿ ಮತ್ತೆ, ಸೌಟು ತರ್ತೀನಿ."

ಸಂಜೆ ಹೊಸ ಹಾಳೆ ತೆಗೆದು ನಿಧಾನವಾಗಿ ನಕಲು ಮಾಡಿದೆ. ನಾಲ್ಕನೆಯ ವಾಕ್ಯ ಬಹಳ ಉದ್ದ, ನಡುವೆ ಎರಡು ಸಲ ಉಸಿರು ತೆಗೆದುಕೊಂಡು ಓದಬೇಕು. ಖುಷಿ ಎಂಬ ಪದದ ಬಳಿ ಒಡೆದರೆ ಎಷ್ಟೋ ನೇರವಾಗುತ್ತದೆ. ಕೈ ತಾನಾಗಿಯೇ ಪೆನ್ಸಿಲಿನ ಕಡೆ ಹೋಯಿತು.

ಮತ್ತೆ ಓದಿದೆ. ಆ ಉದ್ದದಲ್ಲೇ ಅವಳು ನನ್ನ ಮುಖ ನೋಡಿದ್ದಳು. ಇರಲಿ.